ರಕ್ತ ಪರೀಕ್ಷೆಯಲ್ಲಿ ಪಿ.ಎಸ್.ಎ. ಹೆಚ್ಚು ಎಂದು ಬಂದಾಗ

ಹೋಬಳಿಯ ಊರುಗಳಲ್ಲಿಯೂ ಈಗ ರಕ್ತ ಪರೀಕ್ಷೆಯ ಕೇಂದ್ರಗಳು ತೆರೆದಿವೆ. ಸಕ್ಕರೆ ಕಾಯಿಲೆ, ರಕ್ತದ ಕೊಬ್ಬು, ಥೈರಾಯ್ಡ್ ಮೊದಲಾದ ಹತ್ತಾರು ಪರೀಕ್ಷೆಗಳನ್ನು ಒಂದೇ ಮೊತ್ತಕ್ಕೆ ಮಾಡಿಕೊಡುವ ಏರ್ಪಾಡೂ ಬಂದಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನೋ ಅಳಿಯನೋ ಹಬ್ಬಕ್ಕೆ ಬಂದಾಗ ಮನೆಯ ಹಿರಿಯರನ್ನು ಕರೆದೊಯ್ದು ಎಲ್ಲವನ್ನೂ ಮಾಡಿಸುವುದುಂಟು. ಅದು ಒಳ್ಳೆಯ ಉದ್ದೇಶವೇ. ಆದರೆ ಆ ಕಾಗದದಲ್ಲಿ ಪಿ.ಎಸ್.ಎ. ಎಂಬ ಮೂರಕ್ಷರಗಳ ಮುಂದೆ ಅಂಕಿಯೊಂದು ದಪ್ಪಕ್ಷರದಲ್ಲಿ ಮುದ್ರಿತವಾಗಿ, ಅದನ್ನು ಕಂಡವರೊಬ್ಬರು ‘ಇದು ಕ್ಯಾನ್ಸರಿನ ಪರೀಕ್ಷೆಯಲ್ಲವೇ’ ಎಂದುಬಿಟ್ಟರೆ, ಆ ಮನೆಯಲ್ಲಿ ಅಂದು ರಾತ್ರಿ ಯಾರಿಗೂ ಊಟ ಸೇರುವುದಿಲ್ಲ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂಥ ಕಾಗದ ಹಿಡಿದು ದಂಪತಿಗಳಿಬ್ಬರು ಬಂದಿದ್ದರು. ಯಜಮಾನರಿಗೆ 61 ವರ್ಷ. ಎರಡು ಎಕರೆ ಅಡಿಕೆ ತೋಟ. ಕಾಗದದಲ್ಲಿದ್ದ ಅಂಕಿ 7.8. ಅವರು ಮಾತಾಡಲೇ ಇಲ್ಲ. ಆಕೆಯೇ ಸೆರಗಿನ ಗಂಟು ಬಿಚ್ಚಿ ಒಂದು ಎಳೆ ಸರವನ್ನು ಮೇಜಿನ ಮೇಲಿಟ್ಟು, ‘ಸೊಸೈಟಿಯಲ್ಲಿ ಇಟ್ಟರೆ ಎಷ್ಟು ಕೊಡ್ತಾರೋ ಅಷ್ಟು ತರ್ತೀನಿ ಡಾಕ್ಟ್ರೇ, ಎಲ್ಲಿಗೆ ಕರಕೊಂಡು ಹೋಗಬೇಕು ಹೇಳಿ’ ಎಂದರು. ಆ ಸರ ಮೇಜಿನ ಮೇಲಿರುವಾಗಲೇ ನಾನು ಅವರಿಗೆ ವಿವರಿಸಿದ ಸಂಗತಿಗಳನ್ನು ಇಲ್ಲಿ ಇನ್ನಷ್ಟು ಸಾವಧಾನವಾಗಿ ಬರೆಯುತ್ತಿದ್ದೇನೆ. ಗಂಡ ಹೆಂಡತಿ ಇಬ್ಬರೂ ಕೂಡಿ ಓದಬೇಕೆಂದು ಕೋರಿಕೆ.

ಗ್ರಂಥಿ ಯಾವುದು, ಅಂಕಿ ಯಾವುದರದು

ಪ್ರೋಸ್ಟೇಟ್ ಎಂಬುದು ಪುರುಷರಿಗೆ ಮಾತ್ರ ಇರುವ ಒಂದು ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂತ್ರನಾಳವನ್ನು ಸುತ್ತುವರಿದು ಇರುತ್ತದೆ. ಪ್ರಾಯದಲ್ಲಿ ಅದರ ಗಾತ್ರ ಬೆಟ್ಟದ ನೆಲ್ಲಿಕಾಯಿಯಷ್ಟು, ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವಾಂಶದಲ್ಲಿ ಒಂದು ಪಾಲನ್ನು ಉತ್ಪಾದಿಸುವುದು ಇದರ ಕೆಲಸ. ವೀರ್ಯವನ್ನು ತೆಳುವಾಗಿಸಲು ಈ ಗ್ರಂಥಿಯು ಒಂದು ಬಗೆಯ ಸಸಾರಜನಕವನ್ನು ತಯಾರಿಸುತ್ತದೆ. ಅದನ್ನೇ ಪಿ.ಎಸ್.ಎ. ಎಂದು ಕರೆಯುತ್ತಾರೆ. ಇದು ರೋಗದ ವಸ್ತುವಲ್ಲ, ವಿಷವೂ ಅಲ್ಲ. ಆರೋಗ್ಯವಂತರಾದ ಎಲ್ಲ ಪುರುಷರಲ್ಲಿಯೂ ಇರುವಂಥದೇ.

ಇದರ ಬಹುಪಾಲು ವೀರ್ಯದಲ್ಲಿಯೇ ಉಳಿದು, ಅತ್ಯಲ್ಪ ಅಂಶ ಮಾತ್ರ ರಕ್ತಕ್ಕೆ ಜಿನುಗುತ್ತದೆ. ಎಷ್ಟು ಅಲ್ಪವೆಂದರೆ ಅದನ್ನು ನ್ಯಾನೋಗ್ರಾಂ ಲೆಕ್ಕದಲ್ಲಿ ಅಳೆಯಬೇಕಾಗುತ್ತದೆ. ಒಂದು ಗ್ರಾಂ ತೂಕವನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಕಾಗದದಲ್ಲಿರುವ ಅಂಕಿಯು ಒಂದು ಮಿಲಿಲೀಟರ್ ರಕ್ತದಲ್ಲಿ ಅಂಥ ಎಷ್ಟು ಪಾಲುಗಳಿವೆ ಎಂಬುದನ್ನು ತಿಳಿಸುತ್ತದೆ.

ಕೆರೆಯ ಏರಿಯ ಕೆಳಬದಿಯಲ್ಲಿ ನೀರು ಒಸರುವುದನ್ನು ನೀವು ಕಂಡಿರುತ್ತೀರಿ. ಒಸರು ಹೆಚ್ಚಿದರೆ ಏರಿಯೊಳಗೆ ಏನೋ ಆಗಿದೆ ಎಂದು ತಿಳಿಯುತ್ತದೆ. ಆದರೆ ಅದು ಇಲಿಯ ಬಿಲವೋ, ಮರದ ಬೇರು ಕೊಳೆತು ಆದ ಪೊಳ್ಳೋ, ಅಥವಾ ಏರಿಯೇ ಬಿರುಕು ಬಿಟ್ಟಿದೆಯೋ ಎಂಬುದನ್ನು ಒಸರುವ ನೀರು ಹೇಳಲಾರದು. ಪಿ.ಎಸ್.ಎ. ಅಂಕಿಯೂ ಹಾಗೆಯೇ. ಗ್ರಂಥಿಯಲ್ಲಿ ಏನೋ ಬದಲಾವಣೆ ಇದೆ ಎನ್ನುವುದಷ್ಟೇ ಅದರ ಸಾಕ್ಷ್ಯ.

ಬದಲಾವಣೆಗಳಲ್ಲಿ ಅತ್ಯಂತ ಸಾಮಾನ್ಯವಾದುದು ವಯಸ್ಸಿನೊಡನೆ ಗ್ರಂಥಿ ಊದಿಕೊಳ್ಳುವುದು. ಇದು ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು, ಧಾರೆ ಸಣ್ಣದಾಗುವುದು, ಮಾಡಿದ ಮೇಲೂ ಇನ್ನೂ ಉಳಿದಿದೆ ಎನಿಸುವುದು ಸಾಮಾನ್ಯವಾಗಿ ಇದರ ಲಕ್ಷಣಗಳು. ಗ್ರಂಥಿಗೆ ಸೋಂಕು ತಗಲಿದಾಗ ಅಂಕಿಯು ಹಠಾತ್ತನೆ ಮೇಲೇರಿ, ಕೆಲವೊಮ್ಮೆ 20ನ್ನೂ ಮೀರುವುದುಂಟು. ಮೂತ್ರ ಕಟ್ಟಿಕೊಂಡಾಗ, ಮೂತ್ರಕ್ಕೆ ಕೊಳವೆ ಹಾಕಿದಾಗ, ದುರ್ಬೀನು ಹಾಕಿ ಮೂತ್ರಕೋಶವನ್ನು ಪರೀಕ್ಷಿಸಿದಾಗಲೂ ಏರುತ್ತದೆ. ಹಿಂದಿನ ಎರಡು ದಿನಗಳಲ್ಲಿ ದಂಪತಿಗಳು ಕೂಡಿದ್ದರೆ, ಬಹು ದೂರ ಸೈಕಲ್ ತುಳಿದಿದ್ದರೆ ಸ್ವಲ್ಪ ಮಟ್ಟಿಗೆ ಹೆಚ್ಚಬಹುದು. ಈ ಪಟ್ಟಿಯಲ್ಲಿ ಕ್ಯಾನ್ಸರ್ ಸಹ ಒಂದು.

ಅಡಿಕೆ ತೋಟದ ಯಜಮಾನರನ್ನು ಕೇಳಿದಾಗ ತಿಳಿದುಬಂದ ಸಂಗತಿಯಿದು: ರಕ್ತ ಕೊಡುವ ಹನ್ನೆರಡು ದಿನ ಮೊದಲು ಮೂತ್ರ ಕಟ್ಟಿ, ಬೇರೊಂದು ಕಡೆ ಎರಡು ದಿನ ಕೊಳವೆ ಹಾಕಿದ್ದರು; ಆ ಮೇಲೆ ಉರಿಮೂತ್ರವಿತ್ತು, ಸಂಜೆ ಚಳಿಜ್ವರವಿತ್ತು. ಇದನ್ನು ರಕ್ತ ತೆಗೆದವರು ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಸರವನ್ನು ಸೆರಗಿಗೇ ಕಟ್ಟಿಕೊಳ್ಳುವಂತೆ ಹೇಳಿ, ಮೂತ್ರ ಪರೀಕ್ಷೆ ಮಾಡಿಸಿ, ಸೋಂಕಿಗೆ ಔಷಧಿ ಕೊಟ್ಟು, ಎಂಟು ವಾರಗಳ ನಂತರ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಲು ತಿಳಿಸಿದೆ.

ಎಷ್ಟಿದ್ದರೆ ಹೆಚ್ಚು?

ಬಹುಕಾಲದಿಂದ 4 ಎಂಬ ಅಂಕಿಯನ್ನು ಗಡಿಯೆಂದು ಭಾವಿಸಲಾಗಿದೆ. ಇದು ಗದ್ದೆಯ ಬದುವಿನಂತೆ ಮನುಷ್ಯರು ಹಾಕಿಕೊಂಡ ಗಡಿ. ಇದರ ಈಚೆಗೆ ಪೂರ್ಣ ಕ್ಷೇಮ, ಆಚೆಗೆ ಪೂರ್ಣ ಅಪಾಯ ಎಂದಿಲ್ಲ. 4ಕ್ಕಿಂತ ಕಡಿಮೆಯಿದ್ದ ವಯಸ್ಕರಲ್ಲಿ ಬಯಾಪ್ಸಿ ಮಾಡಿ ನೋಡಿದ ಅಮೆರಿಕದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿಯೂ ನೂರಕ್ಕೆ ಸುಮಾರು 15 ಮಂದಿಯಲ್ಲಿ ಕ್ಯಾನ್ಸರ್ ಕಣಗಳು ಕಂಡುಬಂದವು, ಬಹುಪಾಲು ನಿಧಾನಗತಿಯವು. ಹಾಗೆಯೇ 4 ರಿಂದ 10ರವರೆಗೆ ಇದ್ದವರಲ್ಲಿ, ಹೊರದೇಶಗಳ ಅನುಭವದಂತೆ, ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರುವುದು ಖಚಿತವಾಗುತ್ತದೆ. ಉಳಿದ ಮೂವರು ಅನಾವಶ್ಯಕವಾಗಿ ಹೆದರಿದವರು. 10ನ್ನು ಮೀರಿದರೆ ಸಂಭವ ಅರ್ಧಕ್ಕಿಂತ ಹೆಚ್ಚು. ನೂರು, ಇನ್ನೂರು ಎಂಬಷ್ಟು ಇದ್ದರೆ ರೋಗವು ಗ್ರಂಥಿಯನ್ನು ದಾಟಿ ಹರಡಿರುವ ಶಂಕೆ ಬಲವಾಗುತ್ತದೆ.

ವಯಸ್ಸನ್ನೂ ಗಣನೆಗೆ ತೆಗೆದುಕೊಳ್ಳಬೇಕು. ನಲವತ್ತರ ಹರೆಯದವರಿಗೆ 2.5, ಐವತ್ತರ ಹರೆಯದವರಿಗೆ 3.5, ಅರವತ್ತು ದಾಟಿದವರಿಗೆ 4.5, ಎಪ್ಪತ್ತು ದಾಟಿದವರಿಗೆ 6.5 ಎಂಬ ಮೇಲ್ಮಿತಿಗಳನ್ನು ಅನೇಕ ವೈದ್ಯರು ಅನುಸರಿಸುತ್ತಾರೆ. ಆದುದರಿಂದ 72 ವರ್ಷದವರ 5ಕ್ಕೂ 48 ವರ್ಷದವರ 5ಕ್ಕೂ ಒಂದೇ ಅರ್ಥವಿಲ್ಲ.

ಇನ್ನೊಂದು ಮುಖ್ಯ ವಿಷಯ. ಗ್ರಂಥಿಯ ಊತಕ್ಕೆಂದು ಫಿನಾಸ್ಟೆರೈಡ್ ಅಥವಾ ಡ್ಯುಟಾಸ್ಟೆರೈಡ್ ಎಂಬ ಮಾತ್ರೆಯನ್ನು ಆರು ತಿಂಗಳಿಗೂ ಮೀರಿ ಸೇವಿಸುತ್ತಿರುವವರಲ್ಲಿ ಅಂಕಿಯು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅಂಥವರ ಕಾಗದದಲ್ಲಿ 3 ಎಂದಿದ್ದರೆ ವೈದ್ಯರು ಅದನ್ನು 6 ಎಂದು ಎಣಿಸಬೇಕಾಗುತ್ತದೆ. ಮಾತ್ರೆಯ ಹೆಸರು ನೆನಪಿರದಿದ್ದರೆ ಖಾಲಿಯಾದ ಪಟ್ಟಿಯನ್ನಾದರೂ ತೋರಿಸಿರಿ.

ಎರಡನೆಯ ಪರೀಕ್ಷೆ

ಒಂದೇ ಕಾಗದವನ್ನು ನಂಬಿ ಬಯಾಪ್ಸಿಗೆ ಹೊರಡುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಬಹುತೇಕ ತಜ್ಞರ ಅಭಿಪ್ರಾಯವೂ ಅದೇ. ಸೋಂಕು ಇಲ್ಲವೆಂದು ಮೂತ್ರ ಪರೀಕ್ಷೆಯಿಂದ ಖಚಿತಪಡಿಸಿಕೊಂಡು, ಕೆಲವು ವಾರಗಳ ನಂತರ ರಕ್ತವನ್ನು ಮತ್ತೆ ಪರೀಕ್ಷಿಸಬೇಕು. ಸೋಂಕು ಇದ್ದು ಗುಣವಾಗಿದ್ದರೆ, ಇಲ್ಲವೇ ಕೊಳವೆ ಹಾಕಿದ್ದರೆ, ಆರರಿಂದ ಎಂಟು ವಾರ ಕಾಯುವುದು ಉಚಿತ. ಸಾಧ್ಯವಾದಷ್ಟು ಅದೇ ಪ್ರಯೋಗಾಲಯದಲ್ಲಿ ಮಾಡಿಸಿರಿ. ಯಂತ್ರದಿಂದ ಯಂತ್ರಕ್ಕೆ ಅಂಕಿಯಲ್ಲಿ ಸ್ವಲ್ಪ ಅಂತರ ಬರುತ್ತದೆ. ರಕ್ತ ಕೊಡುವ ಮುನ್ನ ಎರಡು ದಿನ ದಂಪತಿಗಳು ಸಂಯಮದಿಂದಿರಬೇಕು. ಉಪವಾಸ ಬೇಕಾಗಿಲ್ಲ. ಮೊದಲ ಅಂಕಿ ತೀರ ಹೆಚ್ಚಿದ್ದು ಸೋಂಕಿನ ಲಕ್ಷಣವೇನೂ ಇಲ್ಲದಿದ್ದರೆ ವಾರಗಟ್ಟಲೆ ಕಾಯದೆ ತಜ್ಞರನ್ನು ಕಾಣಬೇಕು.

ಇದರ ಜೊತೆಗೆ ವೈದ್ಯರು ಕೈಚೀಲ ಧರಿಸಿ, ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಅರ್ಧ ನಿಮಿಷದ ಕೆಲಸ. ನಯವಾಗಿ, ರಬ್ಬರಿನಂತೆ ಇದ್ದರೆ ಊತದ ಲಕ್ಷಣ. ಕಲ್ಲಿನಂತೆ ಗಟ್ಟಿಯಾದ ಗಂಟು ಸಿಕ್ಕಿದರೆ ಅನುಮಾನಕ್ಕೆಡೆ. ನಮ್ಮ ಗಂಡಸರು ಈ ಪರೀಕ್ಷೆ ಎಂದೊಡನೆ ಎದ್ದು ಹೊರಡುತ್ತಾರೆ. ಹೆರಿಗೆಯ ಕೋಣೆಯಲ್ಲಿ ತಮ್ಮ ಪತ್ನಿಯರು ಪ್ರತಿಸಲವೂ ಸಹಿಸಿದ ಪರೀಕ್ಷೆಗಳನ್ನು ಅವರು ಒಮ್ಮೆ ನೆನೆದರೆ ಸಾಕು.

ನಮ್ಮ ದಂಪತಿಗಳು ಎಂಟು ವಾರಗಳ ನಂತರ ಬಂದಾಗ ಅಂಕಿ 3.4ಕ್ಕೆ ಇಳಿದಿತ್ತು. ಬೆರಳಿನ ಪರೀಕ್ಷೆಯಲ್ಲಿ ಊತವಷ್ಟೇ. ಅವರಿಗೆ ಮುಂದೇನೂ ಬೇಕಾಗಲಿಲ್ಲ; ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಲು ತಿಳಿಸಿದೆ.

ಇಳಿಯದಿದ್ದರೆ

ಎರಡನೆಯ ಸಲವೂ ಅಂಕಿ ಹೆಚ್ಚೇ ಇದ್ದರೆ ಮೂತ್ರರೋಗ ತಜ್ಞರ ಬಳಿಗೆ ಹೋಗಬೇಕು. ಅವರು ಕೆಲವು ಸಂಗತಿಗಳನ್ನು ಕೂಡಿಸಿ ನೋಡುತ್ತಾರೆ. ಸ್ಕ್ಯಾನಿಂಗಿನಲ್ಲಿ ಗ್ರಂಥಿಯ ಗಾತ್ರವನ್ನು ಅಳೆದು, ಇಷ್ಟು ದೊಡ್ಡ ಗ್ರಂಥಿಗೆ ಇಷ್ಟು ಅಂಕಿ ಸಹಜವೇ ಎಂದು ಭಾಗಿಸಿ ಲೆಕ್ಕ ಹಾಕುತ್ತಾರೆ. ದೊಡ್ಡ ಮನೆಯಲ್ಲಿ ಖರ್ಚೂ ದೊಡ್ಡದಿರುವುದು ಸಹಜವಷ್ಟೆ. ರಕ್ತದಲ್ಲಿ ಬಿಡಿಯಾಗಿ ತೇಲುವ ಪಿ.ಎಸ್.ಎ. ಎಷ್ಟು ಪಾಲು ಎಂಬ ಪರೀಕ್ಷೆಯೂ ಇದೆ. ಅದು ನೂರಕ್ಕೆ 25ಕ್ಕಿಂತ ಹೆಚ್ಚಿದ್ದರೆ ಕ್ಯಾನ್ಸರಿನ ಸಂಭವ ಕಡಿಮೆ, 10ಕ್ಕಿಂತ ಕಡಿಮೆಯಿದ್ದರೆ ಸಂಭವ ಹೆಚ್ಚು.

ಹಿಂದೆ ಇಲ್ಲಿಂದ ನೇರವಾಗಿ ಬಯಾಪ್ಸಿಗೆ ಕಳುಹಿಸುತ್ತಿದ್ದರು. ಈಗ ಅನುಕೂಲವಿರುವ ಕಡೆ ಮೊದಲು ಎಂ.ಆರ್.ಐ. ಚಿತ್ರ ತೆಗೆಸುತ್ತಾರೆ. 2018ರಲ್ಲಿ ಪ್ರಕಟವಾದ, ಹಲವು ದೇಶಗಳ 500 ಪುರುಷರನ್ನು ಒಳಗೊಂಡ ಅಧ್ಯಯನದಲ್ಲಿ, ಮೊದಲು ಎಂ.ಆರ್.ಐ. ಮಾಡಿಸಿಕೊಂಡ ಗುಂಪಿನ ನೂರರಲ್ಲಿ 28 ಮಂದಿಗೆ ಬಯಾಪ್ಸಿಯೇ ಬೇಕಾಗಲಿಲ್ಲ. ಚಿತ್ರಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 1 ಅಥವಾ 2 ಬಂದರೆ ಬಹುಮಟ್ಟಿಗೆ ನೆಮ್ಮದಿ; 4 ಅಥವಾ 5 ಬಂದರೆ ಬಯಾಪ್ಸಿ ಮಾಡಿಸಬೇಕು; 3 ಬಂದರೆ ಉಳಿದ ಸಂಗತಿಗಳನ್ನು ತೂಗಿ ನಿರ್ಧರಿಸಬೇಕು. ದೇಹದಲ್ಲಿ ಕಬ್ಬಿಣದ ತುಂಡು ಅಥವಾ ಹೃದಯದ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸತಕ್ಕದ್ದು.

ಬಯಾಪ್ಸಿ ಎಂದರೆ ಗ್ರಂಥಿಯಿಂದ ಸೂಜಿಯ ಮೂಲಕ ಹತ್ತು ಹನ್ನೆರಡು ಎಳೆಗಳಷ್ಟು ಅಂಗಾಂಶವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. ಸಾಮಾನ್ಯವಾಗಿ ಮರಗಟ್ಟಿಸಿ ಮಾಡುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಮರಳುತ್ತಾರೆ. ‘ಸೂಜಿ ಚುಚ್ಚಿದರೆ ಗಂಟು ಕೆರಳಿ ಮೈಯೆಲ್ಲ ಹರಡುತ್ತದೆ’ ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿದೆ. ಈ ಪರೀಕ್ಷೆಯ ವಿಷಯದಲ್ಲಿ ಆ ಭಯಕ್ಕೆ ಆಧಾರವಿಲ್ಲ. ನಿಜವಾಗಿ ಎಚ್ಚರ ವಹಿಸಬೇಕಾದುದು ಬೇರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮುಂತಾದ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಸೇವಿಸುತ್ತಿದ್ದರೆ ಮೊದಲೇ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು. ಆನಂತರ ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತ ಕಾಣಿಸಬಹುದು. ಪತ್ನಿಗೆ ಇದರಿಂದ ತೊಂದರೆಯಿಲ್ಲ. ಆದರೆ ನಡುಕ ಬರುವ ಚಳಿಜ್ವರ ಬಂದರೆ, ಅಥವಾ ಮೂತ್ರ ನಿಂತುಹೋದರೆ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಗುದನಾಳದ ಮೂಲಕ ಸೂಜಿ ಹಾಕಿದವರಲ್ಲಿ ಸೋಂಕು ರಕ್ತಕ್ಕೆ ಸೇರುವ ಅಪಾಯ ಸ್ವಲ್ಪ ಮಟ್ಟಿಗೆ ಇದೆ.

ಕ್ಯಾನ್ಸರ್ ಎಂದೇ ಬಂದರೆ

ಎಲ್ಲ ಕ್ಯಾನ್ಸರುಗಳೂ ಒಂದೇ ವೇಗದವಲ್ಲ. ಪ್ರೋಸ್ಟೇಟಿನಲ್ಲಿ ಅನೇಕವು ಬಹಳ ನಿಧಾನವಾಗಿ ಬೆಳೆಯುವಂಥವು. ಅದನ್ನು ಹೊತ್ತುಕೊಂಡೇ ಪೂರ್ಣ ಆಯುಸ್ಸು ಕಳೆದು, ಬೇರೆ ಕಾರಣದಿಂದ ತೀರಿಹೋಗುವವರು ಬಹಳ ಮಂದಿ. ಸೂಕ್ಷ್ಮದರ್ಶಕದ ವರದಿಯಲ್ಲಿ ಗ್ಲೀಸನ್ ಅಂಕ ಎಂದು ಬರೆದಿರುತ್ತಾರೆ. 6 ಎಂದರೆ ಸೌಮ್ಯ, 8, 9, 10 ಎಂದರೆ ಉಗ್ರ, 7 ನಡುವಿನದು. ಸೌಮ್ಯವಾದುದಕ್ಕೆ ತಕ್ಷಣ ಶಸ್ತ್ರಚಿಕಿತ್ಸೆ ಮಾಡದೆ, ಕಾಲಕಾಲಕ್ಕೆ ರಕ್ತ ಪರೀಕ್ಷೆ, ಎಂ.ಆರ್.ಐ., ಅಗತ್ಯವಿದ್ದಾಗ ಮತ್ತೆ ಬಯಾಪ್ಸಿ ಮಾಡುತ್ತ ಕಾವಲಿರುವುದು ಇಂದು ಒಪ್ಪಿತವಾದ ಕ್ರಮ. ಇದು ಕೈಚೆಲ್ಲಿದಂತೆ ಅಲ್ಲ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಪುರುಷರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಕಾವಲು, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ ಚಿಕಿತ್ಸೆ ಎಂದು ಗೊತ್ತುಮಾಡಿದರು. 2023ರಲ್ಲಿ ಹೊರಬಂದ ಹದಿನೈದು ವರ್ಷಗಳ ಫಲಿತಾಂಶದಲ್ಲಿ, ಈ ರೋಗದಿಂದ ತೀರಿಕೊಂಡವರು ಒಟ್ಟಾರೆ ನೂರಕ್ಕೆ ಸುಮಾರು ಮೂವರು. ಗುಂಪು ಗುಂಪಿಗೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೆ ಕಾವಲಿನ ಗುಂಪಿನಲ್ಲಿ ರೋಗ ಹರಡಿದವರು ಹೆಚ್ಚಿದ್ದರೆಂಬುದನ್ನೂ ಹೇಳಬೇಕು.

ಚಿಕಿತ್ಸೆಗೂ ಬೆಲೆಯಿದೆ, ಅದು ಹಣದ್ದು ಮಾತ್ರವಲ್ಲ. ಗ್ರಂಥಿಯನ್ನು ತೆಗೆದ ಮೇಲೆ ಕೆಲವರಿಗೆ ಕೆಮ್ಮಿದರೆ, ಭಾರ ಎತ್ತಿದರೆ ಮೂತ್ರ ಸೋರುತ್ತದೆ. ಅನೇಕರಲ್ಲಿ ಜನನೇಂದ್ರಿಯದ ಗಡಸುತನ ಕುಂದುತ್ತದೆ. ಸ್ಖಲನವಂತೂ ನಿಂತೇ ಹೋಗುತ್ತದೆ. ವಿಕಿರಣದಿಂದ ಮಲವಿಸರ್ಜನೆಯ ತೊಂದರೆಗಳು ಬರಬಹುದು. ಇವು ಗಂಡನೊಬ್ಬನೇ ಅನುಭವಿಸುವ ಸಂಗತಿಗಳಲ್ಲ. ಆದುದರಿಂದ ತಜ್ಞರ ಕೋಣೆಗೆ ಇಬ್ಬರೂ ಹೋಗತಕ್ಕದ್ದು. ಮಗನನ್ನು ಒಳಗೆ ಕಳುಹಿಸಿ ತಾಯಿ ಹೊರಗೆ ಬೆಂಚಿನ ಮೇಲೆ ಕೂಡುವ ಪದ್ಧತಿ ಈ ವಿಷಯದಲ್ಲಿ ಬೇಡ. ‘ಈಗಲೇ ಮಾಡಬೇಕೆ, ಕಾಯಬಹುದೆ, ಕಾದರೆ ಏನು ನಷ್ಟ, ಮಾಡಿದರೆ ಏನು ನಷ್ಟ’ ಎಂಬ ನಾಲ್ಕು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ.

ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬ ಪ್ರಶ್ನೆ ಉಳಿಯಿತು. ನಮ್ಮ ದೇಶದಲ್ಲಿ ಸರ್ಕಾರವು ಬಾಯಿ, ಸ್ತನ, ಗರ್ಭಕೋಶದ ಕೊರಳು ಈ ಮೂರರ ಕ್ಯಾನ್ಸರಿಗೆ ತಪಾಸಣೆ ನಡೆಸುತ್ತದೆ. ಪ್ರೋಸ್ಟೇಟಿಗೆ ಎಲ್ಲರನ್ನೂ ಪರೀಕ್ಷಿಸುವ ಕಾರ್ಯಕ್ರಮವಿಲ್ಲ. ಅದಕ್ಕೆ ಕಾರಣವೂ ಇದೆ. ಯೂರೋಪಿನಲ್ಲಿ 1,60,000ಕ್ಕೂ ಹೆಚ್ಚು ಪುರುಷರನ್ನು 23 ವರ್ಷ ಗಮನಿಸಿ 2025ರಲ್ಲಿ ಪ್ರಕಟಿಸಿದ ವರದಿಯಂತೆ, 456 ಮಂದಿಯನ್ನು ತಪಾಸಣೆಗೆ ಕರೆದರೆ ಈ ರೋಗದ ಒಂದು ಸಾವು ತಪ್ಪುತ್ತದೆ. ಲಾಭ ನಿಜ, ಆದರೆ ಚಿಕ್ಕದು. ಐವತ್ತೈದರಿಂದ ಅರವತ್ತೊಂಬತ್ತರ ವಯಸ್ಸಿನವರು ಸಾಧಕ ಬಾಧಕಗಳನ್ನು ತಿಳಿದು ಮಾಡಿಸಿಕೊಳ್ಳಬಹುದು. ತಂದೆಗೋ ಒಡಹುಟ್ಟಿದವರಿಗೋ ಈ ರೋಗವಿದ್ದವರು, ತಾಯಿಯ ಕಡೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಹಲವರಿಗೆ ಬಂದಿರುವವರು, ನಲವತ್ತೈದಕ್ಕೇ ವೈದ್ಯರನ್ನು ಕೇಳಬೇಕು. ಎಪ್ಪತ್ತು ದಾಟಿ, ಲಕ್ಷಣಗಳೇನೂ ಇಲ್ಲದವರಿಗೆ ಸಾಮಾನ್ಯವಾಗಿ ಇದು ಬೇಕಾಗಿಲ್ಲ.

ಲಕ್ಷಣವಿದ್ದವರ ಮಾತು ಬೇರೆ. ನಾನು ಸೇವೆಗೆ ಸೇರಿದ ಮೊದಲ ವರ್ಷ, ಅರವತ್ತೈದು ದಾಟಿದ ಕುರಿಗಾಹಿಯೊಬ್ಬರು ಸೊಂಟನೋವೆಂದು ಬರುತ್ತಿದ್ದರು. ದುಡಿದ ಮೈ, ನೋವು ಸಹಜವೆಂದು ಭಾವಿಸಿ ಮೂರು ತಿಂಗಳು ಮಾತ್ರೆ, ಮುಲಾಮು ಕೊಟ್ಟೆ. ಮೂತ್ರದ ವಿಚಾರ ನಾನು ಕೇಳಲಿಲ್ಲ. ನಾಲ್ಕನೆಯ ತಿಂಗಳು ಅವರ ಪತ್ನಿ ಅವರನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದರು, ಕಾಲುಗಳಲ್ಲಿ ಬಲವಿರಲಿಲ್ಲ. ಪಿ.ಎಸ್.ಎ. ಆರುನೂರಕ್ಕೂ ಮೇಲಿತ್ತು, ಬೆನ್ನುಮೂಳೆಗೆ ರೋಗ ಇಳಿದಿತ್ತು. ಹಾರ್ಮೋನು ಚಿಕಿತ್ಸೆಯಿಂದ ನೋವು ತಗ್ಗಿತು. ಅವರು ಮತ್ತೆ ಕುರಿಯ ಹಿಂದೆ ನಡೆಯಲಿಲ್ಲ. ಅಂದಿನಿಂದ ಸೊಂಟನೋವಿನ ಪ್ರತಿ ಹಿರಿಯರನ್ನೂ ಮೂತ್ರದ ಬಗ್ಗೆ ಕೇಳುತ್ತೇನೆ. ನಾನು ಕೇಳದಿದ್ದರೆ ನೀವೇ ಹೇಳಬೇಕು. ರಾತ್ರಿಯೂ ಬಿಡದ ಮೂಳೆನೋವು, ಮೂತ್ರದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಬನ್ನಿರಿ. ಕಾಲು ಸೋತರೆ ಅದೇ ದಿನ ಬನ್ನಿರಿ.

ಪುರುಷರ ಸಂತಾನ ನಿರೋಧ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಈ ರೋಗ ಬರುತ್ತದೆ ಎಂಬ ಗಾಳಿಮಾತನ್ನು ಕುಟುಂಬ ಕಲ್ಯಾಣ ಶಿಬಿರಗಳಲ್ಲಿ ಕೇಳಿದ್ದೇನೆ. ದೊಡ್ಡ ಅಧ್ಯಯನಗಳಲ್ಲಿ ಆ ಶಸ್ತ್ರಚಿಕಿತ್ಸೆಯಿಂದಲೇ ಕ್ಯಾನ್ಸರ್ ಬರುತ್ತದೆಂದು ಸಿದ್ಧವಾಗಿಲ್ಲ. ಆ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಮಾಡಿಸಿಕೊಂಡವರು ಚಿಂತಿಸಬೇಕಾಗಿಯೂ ಇಲ್ಲ. ಈ ರೋಗವು ದಾಂಪತ್ಯದಿಂದ ಪತ್ನಿಗೆ ಅಂಟುವಂಥದೂ ಅಲ್ಲ.

ಖರ್ಚಿನ ವಿಷಯ. ಜಿಲ್ಲಾ ಆಸ್ಪತ್ರೆಗೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಚೀಟಿ ಪಡೆದು ಹೋಗಬಹುದು. ಕ್ಯಾನ್ಸರ್ ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ ಎರಡೂ ದೊರೆಯುತ್ತವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವಿದೆ. ತೋಟವನ್ನೋ ಒಡವೆಯನ್ನೋ ಅಡವಿಡುವ ಮುನ್ನ ಇದನ್ನು ವಿಚಾರಿಸಿರಿ.

ಬರುವಾಗ ಹಳೆಯ ರಕ್ತ ಪರೀಕ್ಷೆಯ ಕಾಗದಗಳೆಲ್ಲವನ್ನೂ, ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಗಳನ್ನೂ, ಆಧಾರ್ ಮತ್ತು ಪಡಿತರ ಚೀಟಿಗಳನ್ನೂ ಒಂದು ಚೀಲದಲ್ಲಿ ತನ್ನಿರಿ. ಕೊಳವೆ ಹಾಕಿದ್ದರೆ ಯಾವ ದಿನ ಹಾಕಿದರು, ಯಾವ ದಿನ ತೆಗೆದರು ಎಂಬುದನ್ನು ಕಾಗದದ ಹಿಂಬದಿಯಲ್ಲಿ ಬರೆಸಿಕೊಂಡು ಬನ್ನಿರಿ.